ಸ್ಲೈಡ್ ಕೈಯಲ್ಲಿದೆ, ಪಾಠ ಎಲ್ಲಿದೆ?

(ಮಂಗಳೂರಿನಲ್ಲಿ ಪದವಿ ವಿದ್ಯಾರ್ಥಿಗಳು, ಹೆತ್ತವರು ಮತ್ತು ಉಪನ್ಯಾಸಕರು ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದು ನಾವು ಮಾತನಾಡಲು ಆಯ್ದುಕೊಂಡಿರುವ ವಿಷಯ ಮೇಲ್ನೋಟಕ್ಕೆ ಬಹಳ ಸಣ್ಣದು. ಉಪನ್ಯಾಸಕರು ತರಗತಿಯಲ್ಲಿ ಪರದೆಯ ಮೇಲೆ ತೋರಿಸುವ ಸ್ಲೈಡುಗಳನ್ನು ವಿದ್ಯಾರ್ಥಿಗಳ ಕೈಗೆ ಕೊಡಬೇಕೇ, ಬೇಡವೇ? ಕೊಟ್ಟರೆ ಮಕ್ಕಳು ತರಗತಿಗೆ ಬರುವುದನ್ನು ನಿಲ್ಲಿಸುತ್ತಾರೆಯೇ? ಇಷ್ಟು ಸಣ್ಣ ವಿಷಯಕ್ಕೆ ಒಂದು ಸಭೆ ಬೇಕೇ ಎಂದು ಕೆಲವರಿಗೆ ಅನಿಸಬಹುದು. ಆದರೆ ಸಮುದಾಯದ ಶಿಕ್ಷಣದ ಕುರಿತು ನಾವು ಆಡುವ ದೊಡ್ಡ ಮಾತುಗಳೆಲ್ಲ, ಮೀಸಲಾತಿಯಾಗಲಿ, ವಿದ್ಯಾರ್ಥಿ ವೇತನವಾಗಲಿ, ಹೊಸ ಕಾಲೇಜುಗಳ ಸ್ಥಾಪನೆಯಾಗಲಿ, ಕೊನೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಯಲ್ಲಿ: ಬೆಳಗ್ಗಿನ ಮೊದಲ ಅವಧಿಯಲ್ಲಿ ನಮ್ಮ ಮಗು ತನ್ನ ಬೆಂಚಿನಲ್ಲಿ ಕುಳಿತಿದೆಯೇ?

ಈ ವಿಷಯದಲ್ಲಿ ಎರಡು ದೂರುಗಳು ನಮ್ಮ ಕಿವಿಗೆ ಆಗಾಗ ಬೀಳುತ್ತವೆ. ವಿದ್ಯಾರ್ಥಿಗಳು ಹೇಳುತ್ತಾರೆ: ಸರ್ ಪರದೆಯ ಮೇಲೆ ಸ್ಲೈಡ್ ತೋರಿಸುತ್ತಾರೆ, ನಾವು ಬರೆದುಕೊಳ್ಳುವಷ್ಟರಲ್ಲಿ ಮುಂದಿನದಕ್ಕೆ ಹೋಗುತ್ತಾರೆ, ಕೇಳಿದರೆ ಕೊಡುವುದಿಲ್ಲ. ಉಪನ್ಯಾಸಕರು ಹೇಳುತ್ತಾರೆ: ಕೊಟ್ಟ ಮರುದಿನವೇ ಹಿಂದಿನ ಬೆಂಚುಗಳು ಖಾಲಿ, ಪರೀಕ್ಷೆಯ ಹಿಂದಿನ ರಾತ್ರಿ ಮಾತ್ರ ಆ ಕಡತಕ್ಕೆ ಬೆಲೆ. ಎರಡು ಮಾತಿನಲ್ಲೂ ಸತ್ಯವಿದೆ. ಆದರೆ ಎರಡೂ ಕಡೆಯವರು ಗೊತ್ತಿಲ್ಲದಂತೆಯೇ ಒಂದು ತಪ್ಪು ತಿಳಿವಳಿಕೆಯನ್ನು ಹಂಚಿಕೊಂಡಿದ್ದಾರೆ. ಅದೇನೆಂದರೆ, ಸ್ಲೈಡ್ ಎಂಬುದೇ ಪಾಠ ಎಂಬ ತಿಳಿವಳಿಕೆ. ಪಾಠವೆಲ್ಲ ಅದರಲ್ಲಿದೆ ಎಂದು ನಂಬಿದ ಉಪನ್ಯಾಸಕರು ಅದನ್ನು ಬಚ್ಚಿಡುತ್ತಾರೆ. ಹಾಗೆಯೇ ನಂಬಿದ ವಿದ್ಯಾರ್ಥಿ ಅದು ಕೈಗೆ ಸಿಕ್ಕೊಡನೆ ಮನೆಯಲ್ಲಿ ಉಳಿಯುತ್ತಾನೆ. ಈ ನಂಬಿಕೆಯನ್ನೇ ನಾವಿಂದು ಸ್ವಲ್ಪ ಪರಿಶೀಲಿಸೋಣ.

ಪಾಠದ ಪ್ರತಿ ತೆಗೆದು ಹಂಚುವುದು ಈ ಊರಿಗೆ ಹೊಸದಲ್ಲ. ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರವು 1843ರ ಜುಲೈಯಲ್ಲಿ ಬಾಸೆಲ್ ಮಿಶನ್ನಿನ ಕಲ್ಲಚ್ಚಿನಲ್ಲಿ ಮುದ್ರಣಗೊಂಡು ಹೊರಬಂದುದು ಇದೇ ನಗರದಲ್ಲಿ. ಕೈಬರಹದಲ್ಲಿದ್ದುದನ್ನು ಹಲವರ ಕೈಗೆ ತಲುಪಿಸುವ ಆ ಆಸೆಯೇ ಮುಂದೆ ಸೈಕ್ಲೋಸ್ಟೈಲ್ ಹಾಳೆಗಳಾಯಿತು, ಹಂಪನಕಟ್ಟೆಯ ಆಸುಪಾಸಿನ ಝೆರಾಕ್ಸ್ ಅಂಗಡಿಗಳ ಮುಂದಿನ ಸಾಲಾಯಿತು, ಈಗ ವಾಟ್ಸ್‌ಆ್ಯಪ್ ಗುಂಪಿಗೆ ಬಂದು ಬೀಳುವ ಪಿಡಿಎಫ್ ಆಗಿದೆ. ಪ್ರತಿ ತೆಗೆಯುವ ಶ್ರಮ ಪ್ರತಿ ಹಂತದಲ್ಲೂ ಕಡಿಮೆಯಾಯಿತು. ಕೈಯಿಂದ ನಕಲು ಮಾಡುತ್ತಿದ್ದವನು ಬರೆಯುವಾಗಲಾದರೂ ಒಮ್ಮೆ ಓದುತ್ತಿದ್ದ. ಝೆರಾಕ್ಸ್ ಮಾಡಿಸುವವನು ಸಾಲಿನಲ್ಲಿ ನಿಂತಾಗ ಪುಟ ತಿರುವುತ್ತಿದ್ದ. ಇಂದು ಬೆರಳು ತಾಗಿದರೆ ಇಡೀ ಸೆಮಿಸ್ಟರಿನ ಪಾಠ ಫೋನಿನೊಳಗೆ ಬಂದು ಕುಳಿತುಕೊಳ್ಳುತ್ತದೆ. ತಲೆಯೊಳಗೆ ಬಂದು ಕುಳಿತುಕೊಳ್ಳುವುದಿಲ್ಲ.

ನಾವು ದರ್ಸ್‌ನಲ್ಲಿ ಕಲಿತು, ಬಳಿಕ ಕಲಾ ಪದವಿಯ ತರಗತಿಯಲ್ಲೂ ಕುಳಿತವರು. ಆದುದರಿಂದ ಎರಡೂ ಪದ್ಧತಿಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಅವಕಾಶ ನಮಗಿದೆ. ನಮ್ಮ ಕರಾವಳಿಯ ಪಳ್ಳಿ ದರ್ಸ್‌ಗಳಲ್ಲಿ ಕಿತಾಬು ಪ್ರತಿಯೊಬ್ಬ ವಿದ್ಯಾರ್ಥಿಯ ಕೈಯಲ್ಲೂ ಇರುತ್ತದೆ. ಉಸ್ತಾದರು ಏನನ್ನೂ ಬಚ್ಚಿಡುವುದಿಲ್ಲ. ಇಂದಿನ ಪಾಠ ಯಾವುದು, ನಾಳೆಯದು ಯಾವುದು ಎಂಬುದು ಅಚ್ಚಾಗಿ ಕಣ್ಣ ಮುಂದೆಯೇ ಇದೆ. ಹಾಗಿದ್ದೂ, ಕಿತಾಬು ನಮ್ಮ ಬಳಿ ಇದೆಯಲ್ಲ, ಉಸ್ತಾದರ ಮುಂದೆ ಕೂರುವ ಅಗತ್ಯವೇನು ಎಂದು ಯಾವ ವಿದ್ಯಾರ್ಥಿಯೂ ಕೇಳುವುದಿಲ್ಲ. ಏಕೆಂದರೆ ಮೂಲ ಪಠ್ಯ ಬೇರೆ, ಅದರ ವಿವರಣೆ ಬೇರೆ ಎಂಬುದು ಅಲ್ಲಿ ಮೊದಲ ದಿನವೇ ತಿಳಿದುಬಿಡುತ್ತದೆ. ಮೂಲಕ್ಕೆ ಮತ್ನ್ ಎನ್ನುತ್ತಾರೆ, ವಿವರಣೆಗೆ ಶರಹ್ ಎನ್ನುತ್ತಾರೆ. ಮಲಬಾರಿನಿಂದ ನಮ್ಮ ಕರಾವಳಿಯವರೆಗೆ ದರ್ಸ್‌ಗಳಲ್ಲಿ ಓದಿಸುವ ಫತ್‌ಹುಲ್ ಮುಈನ್ ಗ್ರಂಥವನ್ನೇ ನೋಡಿ. ಹದಿನಾರನೆಯ ಶತಮಾನದಲ್ಲಿ ಅದನ್ನು ಬರೆದ ಝೈನುದ್ದೀನ್ ಮಖ್ದೂಮ್‌ರು ಮೊದಲು ಖುರ್ರತುಲ್ ಐನ್ ಎಂಬ ಸಂಕ್ಷಿಪ್ತ ಮೂಲವನ್ನು ರಚಿಸಿದರು. ಆ ಮೂಲಕ್ಕೆ ಅವರೇ ಬರೆದ ವಿವರಣೆಯೇ ಫತ್‌ಹುಲ್ ಮುಈನ್. ತಾನೇ ಬರೆದ ಸಂಕ್ಷೇಪವು ಓದುಗನಿಗೆ ಸಾಲದು ಎಂದು ಗ್ರಂಥಕರ್ತನಿಗೇ ತೋರಿತು. ಆ ವಿವರಣೆಯನ್ನೂ ಉಸ್ತಾದರು ಸಾಲು ಸಾಲಾಗಿ ಬಿಡಿಸಿ ಹೇಳುತ್ತಾರೆ. ವಿದ್ಯಾರ್ಥಿ ಅದನ್ನು ಅಂಚಿನಲ್ಲಿ ಗುರುತು ಹಾಕಿಕೊಳ್ಳುತ್ತಾನೆ.

ಸ್ಲೈಡ್ ಎಂಬುದು ಮತ್ನ್. ತರಗತಿಯಲ್ಲಿ ಉಪನ್ಯಾಸಕರು ಆಡುವ ಮಾತು ಶರಹ್. ಮತ್ನನ್ನು ಬಚ್ಚಿಡುವ ಉಸ್ತಾದರೂ ಇಲ್ಲ, ಶರಹ್ ಬೇಡವೆನ್ನುವ ವಿದ್ಯಾರ್ಥಿಯೂ ಇಲ್ಲ ಎಂಬ ಆ ಹಳೆಯ ಕ್ರಮವನ್ನು ನಮ್ಮ ಕಾಲೇಜುಗಳಲ್ಲಿ ನೆನಪಿಸಿಕೊಂಡರೆ ಅರ್ಧ ಸಮಸ್ಯೆ ಅಲ್ಲಿಗೇ ಪರಿಹಾರವಾಗುತ್ತದೆ.

ಸಂಕ್ಷೇಪವನ್ನೇ ಪೂರ್ಣವೆಂದು ನಂಬಿದರೆ ಏನಾಗಬಹುದು ಎಂಬುದಕ್ಕೆ ಜಗತ್ತು ಕಂಡ ಒಂದು ಉದಾಹರಣೆಯಿದೆ. ಪವರ್‌ಪಾಯಿಂಟ್ ತಂತ್ರಾಂಶವು 1987ರಲ್ಲಿ ಹೊರಬಂದು ಅದೇ ವರ್ಷ ಮೈಕ್ರೋಸಾಫ್ಟ್ ಕಂಪೆನಿಯ ಪಾಲಾಯಿತು. ಮುಂದಿನ ಹದಿನೈದು ವರ್ಷಗಳಲ್ಲಿ ಅದು ಕಚೇರಿಗಳನ್ನೂ ತರಗತಿಗಳನ್ನೂ ಆವರಿಸಿತು. 2003ರ ಫೆಬ್ರವರಿ 1ರಂದು ಅಮೆರಿಕದ ಕೊಲಂಬಿಯಾ ಬಾಹ್ಯಾಕಾಶ ನೌಕೆಯು ಭೂಮಿಗೆ ಮರಳುವಾಗ ಒಡೆದು ಚೂರಾಯಿತು. ನಮ್ಮ ದೇಶದ ಕರ್ನಾಲಿನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಸಹಿತ ಏಳು ಮಂದಿ ಪ್ರಾಣ ಕಳೆದುಕೊಂಡರು. ಉಡಾವಣೆಯ ವೇಳೆ ಇಂಧನ ಟ್ಯಾಂಕಿನಿಂದ ಕಳಚಿದ ನೊರೆಯ ತುಂಡು ನೌಕೆಯ ಎಡರೆಕ್ಕೆಗೆ ಬಡಿದುದೇ ಅಪಘಾತದ ಭೌತಿಕ ಕಾರಣವಾಗಿತ್ತು. ನೌಕೆ ಇನ್ನೂ ಆಕಾಶದಲ್ಲಿದ್ದಾಗಲೇ ಎಂಜಿನಿಯರರು ಆ ಬಡಿತದ ಅಪಾಯದ ಬಗ್ಗೆ ಅಧಿಕಾರಿಗಳಿಗೆ ಸ್ಲೈಡುಗಳ ಮೂಲಕ ವಿವರಿಸಿದ್ದರು. ಹಿಂದೆ ಪರೀಕ್ಷಿಸಿ ನೋಡಿದ್ದ ನೊರೆಯ ತುಂಡು 3 ಘನ ಅಂಗುಲದ್ದು, ಈಗ ಬಡಿದುದು ಸುಮಾರು 1,920 ಘನ ಅಂಗುಲದ್ದು ಎಂಬ ಅತಿ ಮುಖ್ಯ ಸಂಗತಿ ಆ ಸ್ಲೈಡೊಂದರ ಕೆಳತುದಿಯ ಸಾಲಿನಲ್ಲಿ ಅಡಗಿತ್ತು. ಮೇಲಿನ ದಪ್ಪಕ್ಷರದ ಶೀರ್ಷಿಕೆ ಓದಿದವರಿಗೆ ಭರವಸೆಯೇ ಕಂಡಿತು. ತಾಂತ್ರಿಕ ವರದಿಗಳ ಬದಲು ಸ್ಲೈಡುಗಳನ್ನೇ ಅವಲಂಬಿಸುವ ಚಾಳಿಯನ್ನು ಆ ವರ್ಷದ ತನಿಖಾ ಮಂಡಳಿಯ ವರದಿ ಹೆಸರೆತ್ತಿ ಟೀಕಿಸಿತು. ಸ್ಲೈಡಿನಿಂದಲೇ ನೌಕೆ ಒಡೆಯಿತೆಂದು ಯಾರೂ ಹೇಳುವುದಿಲ್ಲ. ಆದರೆ ಯಾವ ಸಾಲು ಮುಖ್ಯ, ಯಾವುದು ಅಲ್ಲ ಎಂಬುದನ್ನು ಸ್ಲೈಡ್ ತಾನಾಗಿ ಹೇಳುವುದಿಲ್ಲ. ಅದನ್ನು ಹೇಳುವುದಕ್ಕೆ ಬಾಯಿ ಬೇಕು, ಕೇಳುವುದಕ್ಕೆ ಕಿವಿ ಬೇಕು, ಸಂಶಯ ಬಂದಾಗ ಎತ್ತುವ ಒಂದು ಕೈ ಬೇಕು.

ನಮ್ಮ ಮಕ್ಕಳ ಮಟ್ಟಿಗೆ ಇದರ ಮೇಲೆ ಇನ್ನೂ ಒಂದು ಮಾತಿದೆ. ಸ್ಲೈಡಿನ ಭಾಷೆ ಸಾಮಾನ್ಯವಾಗಿ ಇಂಗ್ಲಿಷ್. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಮನೆಯಲ್ಲಿ ಬ್ಯಾರಿ ಭಾಷೆ ಆಡಿ ಬೆಳೆದ ಹುಡುಗಿಗೆ ಆ ಐದಾರು ತುಂಡು ವಾಕ್ಯಗಳು ಹೆಚ್ಚೇನನ್ನೂ ಹೇಳುವುದಿಲ್ಲ. ಅದೇ ವಿಷಯವನ್ನು ತರಗತಿಯಲ್ಲಿ ಉಪನ್ಯಾಸಕರು ಕನ್ನಡದಲ್ಲೋ ತುಳುವಿನಲ್ಲೋ ಒಂದು ಅಂಗಡಿಯ ಲೆಕ್ಕದ, ಒಂದು ಮೀನಿನ ದೋಣಿಯ ಉದಾಹರಣೆ ಕೊಟ್ಟು ಬಿಡಿಸಿದಾಗ ಅವಳ ಮುಖ ಅರಳುತ್ತದೆ. ಆ ಉದಾಹರಣೆ ಪಿಡಿಎಫ್‌ನಲ್ಲಿ ಇರುವುದಿಲ್ಲ. ತಂದೆ ತಾಯಿ ಪದವೀಧರರಾದ ಮನೆಯ ಮಗು ತರಗತಿ ತಪ್ಪಿಸಿಕೊಂಡರೆ ಮನೆಯಲ್ಲಿ ಕೇಳಿ ತಿಳಿಯಬಹುದು. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಮಗುವಿಗೆ ತರಗತಿಯಲ್ಲದೆ ಬೇರೆ ಆಸರೆಯಿಲ್ಲ.

ಅಂತಹ ಮೊದಲ ಪೀಳಿಗೆಯವರು ನಮ್ಮಲ್ಲಿ ಎಷ್ಟು ಮಂದಿ ಎಂಬುದನ್ನು 2006ರ ಸಾಚಾರ್ ಸಮಿತಿಯ ವರದಿಯಿಂದ ಊಹಿಸಿಕೊಳ್ಳಬಹುದು. 2001ರ ಜನಗಣತಿಯ ಆಧಾರದಲ್ಲಿ ಆ ಸಮಿತಿ ತೋರಿಸಿದ ಪ್ರಕಾರ, ದೇಶದಲ್ಲಿ 20 ವರ್ಷ ಮೀರಿದವರ ಪೈಕಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಸುಮಾರು ಶೇ. 7, ಮುಸ್ಲಿಮರಲ್ಲಿ ಅದು ಶೇ. 4ಕ್ಕಿಂತಲೂ ಕಡಿಮೆ. ಅಂದಿನ ಆ ಶೇ. 96ರ ಮನೆಗಳ ಮಕ್ಕಳೇ ಇಂದು ನಮ್ಮ ಕಾಲೇಜುಗಳಲ್ಲಿದ್ದಾರೆ. ಅವರಿಗೆ ತರಗತಿ ಎಂದರೇನು ಎಂಬುದನ್ನು ಅರಿಯದೆ ಹಾಜರಾತಿಯ ಮಾತನಾಡುವುದರಲ್ಲಿ ಅರ್ಥವಿಲ್ಲ.

ಸಂಶೋಧಕರು ಈ ಕುರಿತು ಏನು ಕಂಡುಕೊಂಡಿದ್ದಾರೆ? ಕಾಲೇಜು ಹಾಜರಾತಿಯ ಬಗ್ಗೆ ಅದುವರೆಗೆ ನಡೆದಿದ್ದ ಹಲವಾರು ಅಧ್ಯಯನಗಳನ್ನು ಅಮೆರಿಕದ ಮೂವರು ಸಂಶೋಧಕರು 2010ರಲ್ಲಿ ಒಟ್ಟಿಗೆ ಇಟ್ಟು ಪರಿಶೀಲಿಸಿದರು. ಕಾಲೇಜಿನಲ್ಲಿ ಪಡೆಯುವ ಅಂಕಗಳೊಂದಿಗೆ ಹಾಜರಾತಿಗಿರುವಷ್ಟು ಗಟ್ಟಿಯಾದ ಸಂಬಂಧ ಪ್ರವೇಶ ಪರೀಕ್ಷೆಯ ಅಂಕಗಳಿಗಾಗಲಿ, ಹೈಸ್ಕೂಲಿನ ಅಂಕಗಳಿಗಾಗಲಿ, ಓದಿನ ಅಭ್ಯಾಸಗಳಿಗಾಗಲಿ ಇಲ್ಲವೆಂದು ಅವರು ಕಂಡರು. ಜೊತೆಗೆ ಇನ್ನೊಂದನ್ನೂ ಕಂಡರು: ಹಾಜರಾತಿಯನ್ನು ಕಡ್ಡಾಯ ಮಾಡುವ ನಿಯಮದಿಂದ ಅಂಕಗಳಲ್ಲಾಗುವ ಲಾಭ ಅಲ್ಪ. ಅಂದರೆ ದಂಡದ ಭಯದಿಂದ ಬಂದು ಕುಳಿತವನಿಗಿಂತ ಕಲಿಯಬೇಕೆಂದು ಬಂದು ಕುಳಿತವನೇ ಲಾಭ ಪಡೆಯುತ್ತಾನೆ. ಸ್ಲೈಡುಗಳ ಬಗ್ಗೆಯೇ 2015ರಲ್ಲಿ ಪ್ರಕಟವಾದ ಇನ್ನೊಂದು ಅಮೆರಿಕನ್ ಅಧ್ಯಯನವು, ಉಪನ್ಯಾಸಕರು ಸ್ಲೈಡ್ ಕೊಟ್ಟುದರಿಂದ ಹಾಜರಾತಿ ಕುಸಿಯಲಿಲ್ಲ ಎಂದು ಹೇಳುತ್ತದೆ. ಆದರೆ ಟಿಪ್ಪಣಿ ಬರೆಯುವ ಕೆಲಸಕ್ಕೆ ಅವನ್ನೇ ಬಳಸಿಕೊಂಡ ವಿದ್ಯಾರ್ಥಿಗಳ ಫಲಿತಾಂಶಕ್ಕೆ ಹಾನಿಯಾಯಿತು ಎಂದೂ ಅದೇ ಅಧ್ಯಯನ ಹೇಳುತ್ತದೆ. ಉಪನ್ಯಾಸಕರ ಭಯಕ್ಕೆ ಇದರಲ್ಲಿ ಉತ್ತರವಿದೆ, ವಿದ್ಯಾರ್ಥಿಗಳ ಅತಿ ಭರವಸೆಗೂ ಉತ್ತರವಿದೆ.

ಹಾಗಾದರೆ ಸ್ಲೈಡ್ ಕೊಡುವುದು ಏಕೆ ಅಗತ್ಯ? ಬರಲಿಚ್ಛಿಸಿಯೂ ಬರಲಾಗದವರು ಇರುತ್ತಾರೆ ಎಂಬ ಕಾರಣಕ್ಕಾಗಿ. ಈ ಊರಿನಲ್ಲಿ ಅದನ್ನು ನಾವು ಕಣ್ಣಾರೆ ಕಂಡಿದ್ದೇವೆ. 2020ರ ಮಾರ್ಚ್‌ನಲ್ಲಿ ಕೊರೋನಾದಿಂದ ಕಾಲೇಜುಗಳು ಮುಚ್ಚಿದಾಗ ತಲಪಾಡಿಯ ಗಡಿಯೂ ಮುಚ್ಚಿತು. ಕಾಸರಗೋಡಿನ ಕಡೆಗಿನ ರಸ್ತೆಗಳಿಗೆ ಮಣ್ಣು ಸುರಿಯಲಾಯಿತು. ಕಾಲೇಜುಗಳು ತೆರೆದ ಮೇಲೂ ಕಷ್ಟ ಮುಗಿಯಲಿಲ್ಲ. 2021ರ ಫೆಬ್ರವರಿಯಲ್ಲಿ ಗಡಿ ದಾಟುವವರು 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ ತೋರಿಸಬೇಕೆಂಬ ನಿಯಮ ಬಂತು. ಮಂಜೇಶ್ವರ, ಉಪ್ಪಳ, ಕುಂಬಳೆಗಳಿಂದ ದಿನನಿತ್ಯ ಮಂಗಳೂರಿಗೆ ಬಂದು ಹೋಗುವ ವಿದ್ಯಾರ್ಥಿಗಳಿಗೆ ಕಾಲೇಜು ಕೆಲವೇ ಕಿಲೋಮೀಟರ್ ದೂರದಲ್ಲಿತ್ತು, ಆದರೆ ತಲಪಾಡಿ ಅಡ್ಡ ನಿಂತಿತ್ತು. ಅಂದು ಅವರ ಪಾಲಿಗೆ ಒಂದು ಪಿಡಿಎಫ್ ಎಂದರೆ ಮುಚ್ಚಿದ ಬಾಗಿಲಿನ ಕೆಳಗಿಂದ ತೂರಿ ಬಂದ ಪತ್ರದಂತಿತ್ತು.

ಇನ್ನೊಂದು ಬಾಗಿಲು ಕಾಲೇಜಿನೊಳಗೇ ಮುಚ್ಚಿತು. 2021ರ ಡಿಸೆಂಬರಿನಲ್ಲಿ ಉಡುಪಿಯ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನ ಆರು ವಿದ್ಯಾರ್ಥಿನಿಯರು ಶಿರವಸ್ತ್ರದ ಕಾರಣಕ್ಕೆ ತರಗತಿಯ ಹೊರಗೆ ಉಳಿಯಬೇಕಾಯಿತು. 2022ರ ಫೆಬ್ರವರಿ 5ರ ಸರಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಿಂದ ಭಿನ್ನ ತೀರ್ಪು, ಇವೆಲ್ಲವೂ ನಿಮಗೆ ತಿಳಿದಿವೆ. ಕಾನೂನಿನ ಚರ್ಚೆ ಇಂದಿನ ನಮ್ಮ ವಿಷಯವಲ್ಲ. ಆದರೆ ಆ ತಿಂಗಳುಗಳಲ್ಲಿ ಈ ಎರಡು ಜಿಲ್ಲೆಗಳ ಹಲವು ಹೆಣ್ಣುಮಕ್ಕಳು ಕಳೆದುಕೊಂಡುದು ತರಗತಿಯನ್ನು. ಹಲವರು ವರ್ಗಾವಣೆ ಪತ್ರ ಪಡೆದು ಬೇರೆ ದಾರಿ ಹಿಡಿದರು. ಭಿನ್ನ ತೀರ್ಪಿನಲ್ಲಿ ವಿದ್ಯಾರ್ಥಿನಿಯರ ಪರ ನಿಂತ ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಅವರ ಮನಸ್ಸಿನಲ್ಲಿ ಮೇಲಾಗಿ ನಿಂತುದೂ ಹೆಣ್ಣುಮಗುವಿನ ಶಿಕ್ಷಣದ ಪ್ರಶ್ನೆಯೇ. ತರಗತಿಯ ಬಾಗಿಲಲ್ಲಿ ನಿಂತು ಒಳಗೆ ಹೋಗಲು ಅಷ್ಟು ಹೋರಾಡಿದ ಆ ಮಕ್ಕಳನ್ನು ನೆನೆದಾಗ, ತೆರೆದ ಬಾಗಿಲಿದ್ದೂ ಹೊರಗಿನ ಕ್ಯಾಂಟೀನಿನಲ್ಲಿ ಕೂರುವ ನಮ್ಮ ಗಂಡುಮಕ್ಕಳಿಗೆ ಏನು ಹೇಳೋಣ?

ಕೇಂದ್ರ ಸರಕಾರದ ಉನ್ನತ ಶಿಕ್ಷಣ ಸಮೀಕ್ಷೆಯ ಅಂಕಿಗಳನ್ನೂ ಇಲ್ಲಿ ಗಮನಿಸಬೇಕು. 2019-20ರಲ್ಲಿ ದೇಶದ ಉನ್ನತ ಶಿಕ್ಷಣದಲ್ಲಿ ಸುಮಾರು 21 ಲಕ್ಷ ಮುಸ್ಲಿಮ್ ವಿದ್ಯಾರ್ಥಿಗಳಿದ್ದರು. ಕೊರೋನಾದ ವರ್ಷವಾದ 2020-21ರಲ್ಲಿ ಅದು ಸುಮಾರು 19 ಲಕ್ಷಕ್ಕೆ ಇಳಿಯಿತು. 2021-22ರಲ್ಲಿ ಮತ್ತೆ 21 ಲಕ್ಷಕ್ಕೆ ಬಂತು, ಅವರಲ್ಲಿ ಸುಮಾರು ಅರ್ಧದಷ್ಟು ಹೆಣ್ಣುಮಕ್ಕಳು. ಆ ಇಳಿಕೆಗೆ ಬಡತನ, ಉದ್ಯೋಗ ನಷ್ಟ ಮೊದಲಾದ ಹಲವು ಕಾರಣಗಳಿರಬಹುದು. ಆದರೆ ತರಗತಿಯ ನಂಟು ಕಳಚಿದ ಮಗುವನ್ನು ಮನೆಯ ಕಷ್ಟಗಳು ಬಹಳ ಬೇಗ ಎಳೆದುಕೊಳ್ಳುತ್ತವೆ ಎಂಬುದನ್ನು ಈ ಸಭೆಯಲ್ಲಿರುವ ಯಾರೂ ಅಲ್ಲಗಳೆಯಲಾರರು.

ಬಂದವನು ಬಾರದವನಿಗೆ ತಲುಪಿಸುವ ಕ್ರಮಕ್ಕೆ ನಮ್ಮಲ್ಲಿ ಬಹಳ ಹಳೆಯ ಮಾದರಿಯಿದೆ. ಮದೀನಾದ ಅಂಚಿನ ಅವಾಲಿ ಎಂಬಲ್ಲಿ ವಾಸವಾಗಿದ್ದ ಹ. ಉಮರ್(ರ) ಮತ್ತು ಅವರ ಅನ್ಸಾರಿ ನೆರೆಯವರು ಪ್ರವಾದಿ(ಸ)ರ ಸಭೆಗೆ ಸರದಿಯಂತೆ ಹೋಗುತ್ತಿದ್ದರೆಂದು ಹದೀಸ್ ಗ್ರಂಥಗಳಲ್ಲಿದೆ. ಒಂದು ದಿನ ಇವರು, ಮರುದಿನ ಅವರು. ಹೋದವರು ಆ ದಿನ ಅಲ್ಲಿ ತಿಳಿದುದನ್ನೆಲ್ಲ ಸಂಜೆ ಬಂದು ಇನ್ನೊಬ್ಬರಿಗೆ ಹೇಳುತ್ತಿದ್ದರು. ಇದರಲ್ಲಿ ಎರಡು ಪಾಠಗಳಿವೆ. ಮೊದಲನೆಯದು, ಬರಲಾಗದವನು ವಂಚಿತನಾಗಬಾರದು. ಎರಡನೆಯದು, ನೆರೆಯವರು ಹೇಗೂ ಹೇಳುತ್ತಾರಲ್ಲ ಎಂದು ತನ್ನ ಸರದಿಯ ದಿನ ಯಾರೂ ಮನೆಯಲ್ಲಿ ಕೂರಲಿಲ್ಲ.

ಉಪನ್ಯಾಸಕ ಮಿತ್ರರಲ್ಲಿ ನಮ್ಮ ವಿನಂತಿ ಇಷ್ಟು. ಸ್ಲೈಡುಗಳನ್ನು ಕೊಡಿ, ಆದರೆ ಕೊಡುವುದಕ್ಕೊಂದು ಕ್ರಮವಿರಲಿ. ತರಗತಿಗೆ ಮೊದಲು ಪಾಠದ ಅಸ್ಥಿಪಂಜರ ಕೊಡಿ: ಶೀರ್ಷಿಕೆಗಳು, ಚಿತ್ರಗಳು, ಕೋಷ್ಟಕಗಳು, ಇಸವಿಗಳು. ಇವನ್ನು ಕರಿಹಲಗೆಯಿಂದ ನಕಲು ಮಾಡುವುದರಲ್ಲಿ ಮಕ್ಕಳ ಸಮಯ ಹಾಳಾಗಬಾರದು. ವಿವರಣೆಯ ಜಾಗವನ್ನು ಖಾಲಿ ಬಿಡಿ. ಅದನ್ನು ಅವರು ತರಗತಿಯಲ್ಲಿ ತಮ್ಮ ಕೈಯಿಂದ ತುಂಬಲಿ. ಕಠಿಣ ಪಾರಿಭಾಷಿಕ ಪದದ ಪಕ್ಕದಲ್ಲಿ ಕನ್ನಡ ಪದ ಬರೆಯಿರಿ. ಕೊನೆಯ ಸ್ಲೈಡಿನಲ್ಲಿ ಪುಸ್ತಕದ ಹೆಸರು ಮತ್ತು ಅಧ್ಯಾಯ ಇರಲಿ. ಗ್ರಂಥಾಲಯದ ದಾರಿ ಅಲ್ಲಿಂದ ತೆರೆಯಲಿ. ಒಂದು ಪ್ರಶ್ನೆ ಬಿಟ್ಟು ಹೋಗಿ, ಅದರ ಉತ್ತರ ಮರುದಿನದ ತರಗತಿಯಲ್ಲಿ ಸಿಗಲಿ. ಪರದೆಯ ಮೇಲಿನ ಸಾಲುಗಳನ್ನು ಓದಿ ಹೇಳುವುದಷ್ಟೇ ತರಗತಿಯಾದರೆ, ಮನೆಯಲ್ಲೇ ಓದಿಕೊಳ್ಳುತ್ತೇನೆಂಬ ವಿದ್ಯಾರ್ಥಿಯ ಮಾತು ಸರಿಯೇ ಆಗಿಬಿಡುತ್ತದೆ. ಸ್ಲೈಡಿನಲ್ಲಿ ಇಲ್ಲದ್ದು ತರಗತಿಯಲ್ಲಿ ಸಿಗುತ್ತದೆ ಎಂದು ಗೊತ್ತಾದರೆ ಮಕ್ಕಳನ್ನು ತಡೆಯುವವರಿಲ್ಲ.

ಹಂಚಿದರೆ ಬೆಲೆ ಹೋಗುತ್ತದೆ ಎಂಬ ಅಳುಕೂ ಬೇಡ. ಅಮೆರಿಕದ ಪ್ರಸಿದ್ಧ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯು ತನ್ನ ಪಾಠಗಳ ಟಿಪ್ಪಣಿಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಡುವುದಾಗಿ 2001ರಲ್ಲಿ ಘೋಷಿಸಿ ಹಾಗೆಯೇ ಮಾಡಿತು. ಅದರಿಂದ ಆ ಸಂಸ್ಥೆಗೆ ಸೇರಬಯಸುವವರ ಸಾಲು ಕಿರಿದಾಗಲಿಲ್ಲ. ಟಿಪ್ಪಣಿ ಇಡೀ ಜಗತ್ತಿಗೆ ಸಿಕ್ಕಿದರೂ ಅಲ್ಲಿನ ಅಧ್ಯಾಪಕರ ಮುಂದೆ ಕೂರುವ ಬೆಲೆ ಉಳಿದೇ ಉಳಿಯಿತು. ನಮ್ಮ ದೇಶದ ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್ ಪಾಠಗಳೂ, 2017ರಲ್ಲಿ ಆರಂಭವಾದ ಸ್ವಯಂ ವೇದಿಕೆಯೂ ಅದೇ ದಾರಿಯಲ್ಲಿವೆ.

ವಿದ್ಯಾರ್ಥಿ ಸಹೋದರ ಸಹೋದರಿಯರೇ, ಈಗ ನಿಮ್ಮೊಡನೆ. ಪಾಠದ ಕಡತ ಫೋನಿಗೆ ಇಳಿಯಿತೆಂಬ ನೆಮ್ಮದಿ ಬಹಳ ಮೋಸದ ನೆಮ್ಮದಿ. ಸಾಧ್ಯವಾದರೆ ಸ್ಲೈಡುಗಳನ್ನು ಒಂದು ಪುಟಕ್ಕೆ ಮೂರರಂತೆ ಮುದ್ರಿಸಿಕೊಳ್ಳಿ. ಪಕ್ಕದಲ್ಲಿ ಗೆರೆ ಎಳೆದ ಜಾಗ ಸಿಗುತ್ತದೆ. ದರ್ಸ್‌ನ ಕಿತಾಬಿನ ಅಂಚಿನಂತೆ ಅಲ್ಲಿ ಉಪನ್ಯಾಸಕರ ಮಾತನ್ನು ನಿಮ್ಮದೇ ಪದಗಳಲ್ಲಿ, ನಿಮಗೆ ಬರುವ ಭಾಷೆಯಲ್ಲಿ ಬರೆಯಿರಿ. ಅರ್ಥವಾಗದ ಸಾಲಿಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ. ಅವಧಿ ಮುಗಿದೊಡನೆ ಕೇಳಿ. ಹ. ಉಮರ್(ರ) ಮತ್ತು ಅವರ ನೆರೆಯವರಂತೆ ಇಬ್ಬಿಬ್ಬರು ಜೊತೆಯಾಗಿ. ಜ್ವರ ಬಂದು ಮಲಗಿದ ಗೆಳತಿಗೆ ಬರೀ ಪಿಡಿಎಫ್ ಕಳುಹಿಸಿ ಸುಮ್ಮನಾಗಬೇಡಿ, ಇಪ್ಪತ್ತು ನಿಮಿಷ ಕರೆ ಮಾಡಿ ಪಾಠ ಹೇಳಿ. ಹೇಳುವಾಗ ನಿಮಗೇ ಅದು ಎರಡನೆಯ ಬಾರಿ ಅರ್ಥವಾಗುತ್ತದೆ.

ಇಮಾಮ್ ಗಝಾಲಿ(ರ)ಯವರ ಬಗ್ಗೆ ಚರಿತ್ರಕಾರರು ಹೇಳುವ ಒಂದು ಘಟನೆಯನ್ನು ನೆನಪಿಸಿಕೊಳ್ಳಿ. ಯೌವನದಲ್ಲಿ ಅವರು ಜುರ್ಜಾನಿನಲ್ಲಿ ಗುರುಗಳ ಪಾಠಗಳನ್ನು ಬರೆದುಕೊಂಡು ತಮ್ಮ ಊರಾದ ತೂಸ್‌ಗೆ ಮರಳುತ್ತಿದ್ದರು. ದಾರಿಯಲ್ಲಿ ದರೋಡೆಕೋರರು ಎಲ್ಲವನ್ನೂ ಕಸಿದುಕೊಂಡರು. ಬೇರೇನು ಬೇಕಾದರೂ ಒಯ್ಯಿರಿ, ಆ ಟಿಪ್ಪಣಿಗಳ ಚೀಲವನ್ನು ಮಾತ್ರ ಕೊಡಿ, ಅದರಲ್ಲಿ ನನ್ನ ಕಲಿಕೆಯಿದೆ ಎಂದು ಗಝಾಲಿ ಬೇಡಿದರು. ದರೋಡೆಕೋರರ ನಾಯಕ ನಕ್ಕ. ಚೀಲ ಹೋದರೆ ಹೋಗುವುದು ಎಂಥ ಕಲಿಕೆ ಎಂದು ಕೇಳಿ ಚೀಲವನ್ನು ಹಿಂದಿರುಗಿಸಿದ. ಊರಿಗೆ ಬಂದ ಗಝಾಲಿ ಮೂರು ವರ್ಷ ಕುಳಿತು ಆ ಟಿಪ್ಪಣಿಗಳನ್ನೆಲ್ಲ ಮನಸ್ಸಿಗೆ ಇಳಿಸಿಕೊಂಡರಂತೆ. ಗಝಾಲಿ ಗುರುವಿನ ಎದುರು ಕುಳಿತು, ಸ್ವಂತ ಕೈಯಿಂದ ಬರೆದ ಟಿಪ್ಪಣಿಗಳಿಗೇ ಈ ಮಾತು ಬಂತು. ಇನ್ನೊಬ್ಬರು ತಯಾರಿಸಿದ, ನಾವು ತೆರೆದೂ ನೋಡದ ಕಡತಗಳ ಬಗ್ಗೆ ಆ ದರೋಡೆಕೋರ ಏನೆನ್ನುತ್ತಿದ್ದ?

ಹೆತ್ತವರೇ, ಕೊನೆಯ ಮಾತು ನಿಮ್ಮೊಡನೆ, ಇದು ಸ್ವಲ್ಪ ಕಹಿಯಾಗಿದೆ. ಪರೀಕ್ಷೆಗೆ ಕೂರಲು ಶೇ. 75 ಹಾಜರಾತಿ ಬೇಕೆಂಬುದು ನಮ್ಮ ವಿಶ್ವವಿದ್ಯಾನಿಲಯಗಳ ನಿಯಮ. ಒಂದು ಲೆಕ್ಕ ಹಾಕೋಣ. ವಾರಕ್ಕೆ ನಾಲ್ಕು ಅವಧಿಯಂತೆ ಹದಿನೈದು ವಾರಗಳಲ್ಲಿ ಒಂದು ವಿಷಯಕ್ಕೆ 60 ತರಗತಿಗಳು. ಅದರಲ್ಲಿ 45ಕ್ಕೆ ಹಾಜರಾಗಲೇಬೇಕು. ತಪ್ಪಿಸಬಹುದಾದುದು 15 ಮಾತ್ರ. ಮಳೆಗಾಲದ ಒಂದು ಜ್ವರಕ್ಕೆ 4 ಹೋಯಿತು. ಮಾವನ ಮಗಳ ಮದುವೆಗೆ ಮೆಹಂದಿಯಿಂದ ಹಿಡಿದು ಔತಣಗಳು ಮುಗಿಯುವವರೆಗೆ ಒಂದು ವಾರ, 4 ಹೋಯಿತು. ಗಲ್ಫ್‌ನಿಂದ ತಂದೆ ರಜೆಯಲ್ಲಿ ಬಂದರು, ಬಂಧುಗಳ ಮನೆಗಳಿಗೆ ಹೋಗಬೇಕು, ಇನ್ನೂ 4. ಅಂಗಡಿಯಲ್ಲಿ ಜನವಿಲ್ಲ, ಮಗ ಎರಡು ದಿನ ನಿಂತ, 2. ಉಳಿದುದು ಒಂದು. ಇನ್ನೊಂದು ಮದುವೆ ಬಂದರೆ ಮುಗಿಯಿತು. ಆಮೇಲೆ ಹಾಜರಾತಿ ಕೊರತೆಯ ವಿನಾಯಿತಿಗಾಗಿ ಪ್ರಾಂಶುಪಾಲರ ಕೊಠಡಿಯ ಮುಂದೆ ನಿಲ್ಲುವುದು, ವೈದ್ಯರ ಸರ್ಟಿಫಿಕೇಟಿಗಾಗಿ ಅಲೆಯುವುದು. ಈ ಲೆಕ್ಕದಲ್ಲಿ ಮಗು ಸ್ವಂತ ಸೋಮಾರಿತನದಿಂದ ತಪ್ಪಿಸಿದ ತರಗತಿ ಒಂದಾದರೂ ಇದೆಯೇ? ಎಲ್ಲವನ್ನೂ ತಪ್ಪಿಸಿದುದು ಜ್ವರ ಮತ್ತು ನಾವು.

ಸ್ಲೈಡ್ ಇದೆಯಲ್ಲ, ಗೆಳತಿಯಿಂದ ತರಿಸಿಕೊಂಡರಾಯಿತು ಎಂದು ಮದುವೆ ಮನೆಯಲ್ಲಿ ಹೇಳುವ ಹಿರಿಯರೂ ಈಗ ಇದ್ದಾರೆ. ಹಿಂದೆ ನೋಟ್ಸ್ ಸಿಗುವುದು ಕಷ್ಟವಿದ್ದಾಗ ಅದಾದರೂ ಒಂದು ತಡೆಯಾಗಿತ್ತು. ಹೀಗೆ ನಡೆದರೆ ಸ್ಲೈಡ್ ಹಂಚುವ ಒಳ್ಳೆಯ ಕೆಲಸವೇ ನಮ್ಮ ಮಕ್ಕಳನ್ನು ತರಗತಿಯಿಂದ ಹೊರಗೆಳೆಯುವ ನೆಪವಾಗುತ್ತದೆ, ಅದರಲ್ಲೂ ಮೊದಲು ಎಳೆಯಲ್ಪಡುವವಳು ಹೆಣ್ಣುಮಗಳು. ಆದುದರಿಂದ ಮದುವೆಯ ದಿನ ಗೊತ್ತುಮಾಡುವಾಗ ಹಾಲ್ ಖಾಲಿಯಿದೆಯೇ ಎಂದು ಕೇಳುವಂತೆ, ಮಕ್ಕಳ ಕಾಲೇಜು ರಜೆ ಯಾವಾಗ ಎಂದೂ ಕೇಳಿ. ಸಂಜೆ ಮಗು ಮನೆಗೆ ಬಂದಾಗ ಅಂಕವೆಷ್ಟು ಎಂದು ಕೇಳುವ ಬದಲು ಇಂದು ಏನು ಪಾಠವಾಯಿತು ಎಂದು ಕೇಳಿ. ನಿಮಗೆ ಆ ವಿಷಯ ಅರ್ಥವಾಗಬೇಕೆಂದಿಲ್ಲ. ಮನೆಯಲ್ಲಿ ಕೇಳುವವರಿದ್ದಾರೆ ಎಂಬುದೇ ಮಗುವಿಗೆ ಸಾಕು.

ಜಮಾಅತ್‌ಗಳ ಆಡಳಿತ ಸಮಿತಿಯವರೂ ಈ ಸಭೆಯಲ್ಲಿರಬಹುದು. ಮಸೀದಿಯ ಕಟ್ಟಡದಲ್ಲಿ ಒಂದು ಕೋಣೆ, ಅದರಲ್ಲೊಂದು ಮುದ್ರಣ ಯಂತ್ರ, ಕೆಲವು ಮೇಜುಗಳು. ಇದಕ್ಕೆ ತಗಲುವ ಖರ್ಚು ಒಂದು ಸಮಾರಂಭದ ಶಾಮಿಯಾನದ ಖರ್ಚಿಗಿಂತ ಹೆಚ್ಚಾಗಲಾರದು. ಸಂಜೆ ಅಲ್ಲಿ ಊರಿನ ಕಾಲೇಜು ಮಕ್ಕಳು ಬಂದು ಸ್ಲೈಡುಗಳನ್ನು ಮುದ್ರಿಸಿಕೊಳ್ಳಲಿ, ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಹೇಳಿಕೊಡಲಿ. ಹೆಣ್ಣುಮಕ್ಕಳಿಗೂ ಪ್ರತ್ಯೇಕ ಸಮಯವಿರಲಿ.

ಸ್ಲೈಡ್ ಕೊಡುವುದು ಉಪನ್ಯಾಸಕರು ಸಲ್ಲಿಸಬೇಕಾದ ನ್ಯಾಯ. ತರಗತಿಗೆ ಹೋಗುವುದು ವಿದ್ಯಾರ್ಥಿಯ ಹೊಣೆ. ಹೋಗಲು ಬಿಡುವುದು ನಮ್ಮ, ಮನೆಯವರ ಹೊಣೆ. ಮೂರರಲ್ಲಿ ಒಂದು ತಪ್ಪಿದರೂ ಉಳಿದೆರಡು ಫಲ ಕೊಡುವುದಿಲ್ಲ. ಇವುಗಳ ಪೈಕಿ ಯಾರ ಅನುಮತಿಗೂ ಕಾಯದೆ ನಾವು ನಾಳೆಯೇ ಆರಂಭಿಸಬಹುದಾದುದು ಮೂರನೆಯದು. ಬೆಳಗ್ಗೆ ಮಗು ಕಾಲೇಜಿಗೆ ಹೊರಟಾಗ, ಇವತ್ತೊಂದು ದಿನ ಬಿಡು ಎಂಬ ಮಾತು ನಮ್ಮ ಯಾವ ಮನೆಯಲ್ಲೂ ಕೇಳಿಬಾರದಿರಲಿ.